ಧೀರಾಮೃತದ ತುತ್ತೂರಿ

ಕೊಡ್ಲಿಪೇಟೆ
೧೨ನೇ ಮಾರ್ಚ್ ೧೯೬೦

ಯಮುನಳ ಅಪ್ಪನಿಗೆ, ಸುಲೋಚನ ಮಾಡುವ ನಮಸ್ಕಾರಗಳು.

ಹೆಂಡತಿಯಾದವಳು ಗಂಡನಿಗೆ ಹೇಗೆ ಬರೆಯಬೇಕೋ ಹಾಗೆ ದೊಡ್ಡ ಒಕ್ಕಣೆ ಹಾಕಿ ಶುರು ಮಾಡೋಣ ಎಂದುಕೊಂಡೆ, ಕೈ ಬರಲಿಲ್ಲ. ಮಗಳ ಹೆಸರು ಹಿಡಿದೇ ಕರೆದಿದ್ದೇನೆ, ತಪ್ಪು ತಿಳಿಯಬೇಡಿ. ನೀವು ಹೇಗಿದ್ದೀರಿ? ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ದಾವಣಗೆರೆಯ ಬಿಸಿಲು, ದೂಳು ಮೈಗೆ ಒಗ್ಗಿತೇ? ಗಂಟಲು ಹೇಗಿದೆ? ಇಲ್ಲಿದ್ದಾಗ ಚಳಿಗಾಲ ಬಂತೆಂದರೆ ನಿಮಗೆ ಗಂಟಲು ಕಟ್ಟುತ್ತಿತ್ತು, ಅವ್ವ ಮೆಣಸು ಕುಟ್ಟಿ ಕಷಾಯ ಮಾಡಿಕೊಡುತ್ತಿದ್ದರು. ಈಗ ಕಟ್ಟುವುದಿಲ್ಲವೆಂದು ನನಗೊಬ್ಬಳಿಗಲ್ಲ, ಇಡೀ ಪೇಟೆಗೇ ಗೊತ್ತಿದೆ. ಎದುರು ಅಂಗಡಿಯ ಮರುಳಸಿದ್ದಪ್ಪನವರು ಬೆಳಗ್ಗೆ ಬಾಗಿಲಿನ ಹಲಗೆ ತೆಗೆದಾಗಿನಿಂದ ಸಂಜೆ ದೀಪ ಹಚ್ಚುವವರೆಗೂ ನೀವು ಕೂಗುತ್ತಲೇ ಇರುತ್ತೀರಿ. ನಾನು ಕೇಳುತ್ತಲೇ ಇರುತ್ತೇನೆ. ಇವತ್ತು ಒಂದು ಸಲ ನಾನು ಹೇಳುತ್ತೇನೆ, ನೀವು ಕೇಳಿ. ಕಾಗದವಾದ್ದರಿಂದ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ.

ನಾವು ಇದ್ದೇವೆ. ಹೊಲಿಗೆ ಮಿಷನ್ನು ನಡೆಯುತ್ತಿದೆ. ಹೋದ ವಾರ ಒಂದು ಮಳೆ ಬಿದ್ದು ಊರ ಸುತ್ತಲ ತೋಟಗಳಲ್ಲೆಲ್ಲ ಕಾಫಿ ಹೂ ಬಿಟ್ಟಿದೆ, ಬೀದಿಗೆಲ್ಲ ಅದರದೇ ವಾಸನೆ. ಯಮುನ ಬೆಳೆದಿದ್ದಾಳೆ, ನೀವು ಹೋಗುವಾಗ ಕಂಕುಳಲ್ಲಿದ್ದವಳು ಈಗ ಜಗಲಿಯಿಂದ ಜಿಗಿಯುತ್ತಾಳೆ. ಮುಖ ಥೇಟ್ ನಿಮ್ಮದೇ. ಆದರೆ ನಿಮ್ಮಂತಲ್ಲ, ಮನೆಯೊಳಗೂ ಮಾತಾಡುತ್ತಾಳೆ. ಯಾರಾದರೂ 'ನಿಮ್ಮಪ್ಪ ಎಲ್ಲವ್ವ?' ಎಂದು ಕೇಳಿದರೆ ಎದುರು ಅಂಗಡಿಯ ಹೆಂಚಿನ ಮೇಲೆ ಬಿದಿರುಗಳಕ್ಕೆ ಕಟ್ಟಿರುವ ಮೈಕಿನ ತುತ್ತೂರಿಯನ್ನು ತೋರಿಸುತ್ತಾಳೆ. ಕೇಳಿದವರು ನಗುತ್ತಾರೆ. ಮೊದಮೊದಲು ನಾನೂ ನಕ್ಕೆ.

ಆ ತುತ್ತೂರಿ ಬಂದ ದಿನದ ಸಂಗತಿ ನಿಮಗೆ ಯಾರೂ ಬರೆದಿರಲಾರರು. ದೀಪಾವಳಿ ಕಳೆದ ಮೇಲಿನ ಮಾತು. ನಾನು ಪೊನ್ನಪ್ಪ ಮಾಸ್ತರ ಮನೆಯವರದೊಂದು ರವಿಕೆಗೆ ತೋಳು ಕೂಡಿಸುತ್ತಿದ್ದೆ. ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದರು. ಬೀದಿಯಲ್ಲಿ ಏನೋ ಕರಕರ ಎಂದಿತು, ಆಮೇಲೆ ಗೋಡೆಯೇ ಮಾತಾಡಿದ ಹಾಗೆ ನಿಮ್ಮ ದನಿ ಬಂತು. 'ತಾಯಂದಿರೇ! ಅಕ್ಕತಂಗಿಯರೇ!' ಎಂದು. ನನ್ನ ಕಾಲು ಮಿಷನ್ನಿನ ಮೇಲೇ ನಿಂತಿತು. ಅವ್ವ ಮೊರವನ್ನು ಅಲ್ಲೇ ಬಿಟ್ಟರು, ಅಕ್ಕಿಯೆಲ್ಲ ಚೆಲ್ಲಿ ಹೋಯಿತು. 'ಜಯಪ್ಪ ಬಂದ! ಸುಲೋಚನ, ನೀರು ಕಾಯ್ಸೇ! ಬಂದ ನನ್ ಮಗ!' ಎಂದು ಆ ಊದಿದ ಕಾಲಿನಲ್ಲಿ ಬೀದಿಗೆ ಓಡಿದರು. ನಾನೂ ಸೆರಗು ಸರಿಮಾಡಿಕೊಂಡು ಹಿಂದೆಯೇ ಓಡಿದೆ. ಒಂದು ಹಳದಿ ವ್ಯಾನು ನಿಂತಿತ್ತು. ಅದರ ಮೈಮೇಲೆ ಸೀಸೆಯ ಚಿತ್ರ, ಪೈಲ್ವಾನನ ಚಿತ್ರ. ಅವ್ವ ವ್ಯಾನಿನ ಸುತ್ತ ಒಂದು ಸುತ್ತು ಬಂದರು, ಒಳಗೆ ಬಗ್ಗಿ ನೋಡಿದರು, ಚಕ್ರದ ಹತ್ತಿರವೂ ನೋಡಿದರು. ನಿಮ್ಮ ದನಿ ಮಾತ್ರ ಅವರ ತಲೆಯ ಮೇಲೆ ಕೂಗುತ್ತಲೇ ಇತ್ತು. ವ್ಯಾನಿನವನು ಉತ್ತರದ ಕಡೆಯವನು, ಒಳ್ಳೆಯ ಹುಡುಗ. 'ಅವ್ರು ದಾವಣಗೆರ್ಯಾಗ ಅದಾರವ್ವ. ಇದು ಬರೇ ಪ್ಲೇಟು' ಎಂದು ಗ್ರಾಮಫೋನಿನ ಕರಿಯ ತಟ್ಟೆಯನ್ನು ತೋರಿಸಿದ. ಅವ್ವ ಅದನ್ನು ಮುಟ್ಟಿ ನೋಡಿದರು. ನೀವು ನಾಟಕದ ಕಂಪನಿ ಬಿಟ್ಟದ್ದು, ಟಾನಿಕ್ಕಿನ ಕಂಪನಿ ಸೇರಿದ್ದು, ನಾವು ಇನ್ನೂ ನಾಟಕದವರ ವಿಳಾಸಕ್ಕೆ ಬರೆದ ಕಾಗದಗಳಿಗೆ ಉತ್ತರ ಯಾಕೆ ಬರಲಿಲ್ಲವೆಂಬುದು, ಎಲ್ಲವೂ ನಮಗೆ ನಡುಬೀದಿಯಲ್ಲಿ, ಸಂತೆಗೆ ಬಂದ ಜನರ ಜೊತೆಯಲ್ಲೇ ತಿಳಿಯಿತು.

ಅವತ್ತಿನಿಂದ ಮರುಳಸಿದ್ದಪ್ಪನವರು ನಿಮ್ಮ ಧೀರಾಮೃತ ಟಾನಿಕ್ಕಿಗೆ ಏಜೆಂಟರು. ಕಾರಿನ ಬ್ಯಾಟರಿ, ಪೆಟ್ಟಿಗೆ, ತುತ್ತೂರಿ ಎಲ್ಲ ಕಂಪನಿಯವರೇ ಕೊಟ್ಟುಹೋದರು. ಪೆಟ್ಟಿಗೆಗೆ ದನಿ ಏರಿಸುವ ಇಳಿಸುವ ಒಂದು ಗುಂಡಿಯಿದೆ. ಏರಿಸುವುದೊಂದೇ ಅವರಿಗೆ ಕಲಿಸಿದ್ದಾರೆಂದು ಕಾಣುತ್ತದೆ. ಆಗ ತುತ್ತೂರಿಯ ಬಾಯಿ ಬಸ್ಸು ನಿಲ್ಲುವ ಕಡೆಗಿತ್ತು, ಆದರೂ ಅದರ ಎದುರಿಗೇ ನಮ್ಮ ಮನೆ. ನೀವು ಕೂಗಿದಾಗಲೆಲ್ಲ ಗೂಡಿನಲ್ಲಿಟ್ಟ ಲೋಟ ತಟ್ಟೆ ನಡುಗುತ್ತವೆ. ರವಿಕೆ ಅಳತೆ ಕೊಡಲು ಬಂದವರು ನನ್ನ ಕಿವಿಯಲ್ಲಿ ಅರಚಬೇಕು, ಅಷ್ಟಾದರೂ ಒಬ್ಬರ ತೋಳು ಇನ್ನೊಬ್ಬರಿಗೆ ಹೊಲಿದು ಬೈಸಿಕೊಂಡಿದ್ದೇನೆ. ಪೊನ್ನಪ್ಪ ಮಾಸ್ತರು ಮಕ್ಕಳನ್ನು ಶಾಲೆಯ ಹಿಂದಿನ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಪಾಠ ಮಾಡುತ್ತಾರೆ. ಅಲ್ಲಿಗೂ ನೀವು ಹೋಗುತ್ತೀರಿ. ಮಗ್ಗಿ ಹೇಳುವ ಮಕ್ಕಳು ನಡುನಡುವೆ 'ಒಂದು ಚಮಚ ಧೀರಾಮೃತ' ಎನ್ನುತ್ತವಂತೆ. ಮೇಲಿನ ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ, ಹೆಣ ನಮ್ಮ ಬೀದಿ ದಾಟುವಷ್ಟು ಹೊತ್ತು ನಿಲ್ಲಿಸಿ ಎಂದು ಕೇಳಿದ್ದಕ್ಕೆ, ಕಂಪನಿಯವರು ಯಾವ ಗಳಿಗೆಯಲ್ಲಿ ಬಂದು ನೋಡುತ್ತಾರೋ ಹೇಳಲಾಗದು ಎಂದರಂತೆ ಮರುಳಸಿದ್ದಪ್ಪನವರು. ಹೆಣದ ಮುಂದೆ ಶಂಖ, ಹೆಣದ ಮೇಲೆ 'ನಿಶ್ಶಕ್ತಿಯೇ? ಸೋಲಬೇಡಿ!' ಎಂಬ ನಿಮ್ಮ ಮಾತು. ಶಿವರಾತ್ರಿಯ ದಿನ ಮಠದ ಪೂಜೆಯ ಕತೆಯೂ ಇದೇ.

ಜನಕ್ಕೆ ಸಿಟ್ಟು ಬಂದರೆ ಎಲ್ಲಿಗೆ ಬರುತ್ತಾರೆ ಹೇಳಿ? ಮರುಳಸಿದ್ದಪ್ಪನವರ ಹತ್ತಿರ ಹೋಗಲು ಭಯ, ಎಲ್ಲರಿಗೂ ಅವರ ಅಂಗಡಿಯ ಉಪ್ಪು ಬೆಲ್ಲ ಬೇಕು. ನನ್ನ ಹತ್ತಿರ ಬರುತ್ತಾರೆ. 'ವಸಿ ನಿಮ್ ಯಜಮಾನ್ರಿಗೆ ಯೋಳಿ ಕಣವ್ವ, ಮೆಲ್ಲಕ್ ಮಾತಾಡ್ಲಿ, ಮಗ ಮಲ್ಗಕ್ಕಿಲ್ಲ' ಎಂದು ಒಬ್ಬಳು ಬಾಣಂತಿ ನಿಜವಾಗಿಯೂ ಕೇಳಿದಳು. ನಾನು ಏನು ಹೇಳಲಿ? ನಮ್ಮ ಯಜಮಾನರು ಮನೆಯಲ್ಲಿದ್ದಾಗ ಮಾತೇ ಆಡುತ್ತಿರಲಿಲ್ಲ ಎಂದು ಹೇಳಲೇ? ಊಟಕ್ಕೆ ಕೂತರೆ ಉಪ್ಪು ಬೇಕೆಂದು ಕೈಯಲ್ಲಿ ತೋರಿಸುತ್ತಿದ್ದಿರಿ. ನಾಟಕದವರ ಜೊತೆ ಹೊರಟ ದಿನವೂ ಹೊರಟೆ ಎನ್ನಲಿಲ್ಲ, ಚೀಲ ಕಾಣದಿದ್ದಾಗ ನನಗೆ ತಿಳಿಯಿತು. ಪ್ಲೇಟಿನ ಕೊನೆಯಲ್ಲಿ ಒಬ್ಬ ಹೆಂಗಸು ನಗುತ್ತಾ 'ಮತ್ತೆ ನನಗೆ?' ಎನ್ನುತ್ತಾಳಲ್ಲ, ಅದಕ್ಕೆ ನೀವು 'ನೀನು ಊಟ ಮಾಡಿದೆಯಾ? ಊಟವಾದ ಮೇಲೆ ನಿನಗೂ ಒಂದು ಚಮಚ' ಎನ್ನುತ್ತೀರಲ್ಲ, ಆ ಹೆಂಗಸು ಯಾರೆಂದು ನಾನು ಕೇಳುವುದಿಲ್ಲ. ನಿಮ್ಮ ಹಾಗೆಯೇ ಕೂಲಿಗೆ ನಗಲು ಬಂದವಳಿರಬೇಕು, ಪಾಪ. ಅವಳ ಮೇಲೆ ನನಗೆ ಕೋಪವಿಲ್ಲ. ಊಟ ಮಾಡಿದೆಯಾ ಎಂದು ಕೇಳಲು ನಿಮಗೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಅದನ್ನು ಬೀದಿಯಿಂದ ಕೇಳಿ ತಿಳಿಯಬೇಕಾಯಿತು.

ನನ್ನದು ಹಾಗಿರಲಿ. ಅವ್ವನ ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲದಿಂದಲೇ ಅವರಿಗೆ ಏದುಸಿರು, ಕಾಲು ಊತ. ಸೋಮವಾರಪೇಟೆ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಎದೆ ಸೋತಿದೆ, ಈ ಮಾತ್ರೆ ಒಂದು ದಿನವೂ ತಪ್ಪಬಾರದು, ಉಪ್ಪು ಬಿಡಬೇಕು ಎಂದರು. ತಪ್ಪದೆ ನುಂಗುತ್ತಿದ್ದರು, ಸುಧಾರಿಸುತ್ತಲೂ ಇದ್ದರು. ಆಗ ನೀವು ಬಂದಿರಿ. 'ಅವ್ವಾ... ನನ್ನವ್ವಾ... ಯಾಕವ್ವಾ ಇಷ್ಟು ಸೊರಗಿದ್ದೀಯೆ? ನಿನ್ನ ಮಗ ನಾನಿಲ್ಲವೇ? ತಗೋ, ಒಂದು ಚಮಚ ಧೀರಾಮೃತ!' ಎಂದು ಆ ಗದ್ಗದದ ದನಿಯಲ್ಲಿ ನೀವು ಹೇಳಿದರೆ ಹೆತ್ತವರು ಏನು ಮಾಡಬೇಕು? ಮರುದಿನವೇ ಮರುಳಸಿದ್ದಪ್ಪನವರು ಒಂದು ಸೀಸೆ ತಂದು ಅವರ ಮಡಿಲಿಗಿಟ್ಟು 'ನಿಮ್ ಮಗುಂದೇ ಔಸ್ತಿ ಕಣಕ್ಕ' ಎಂದು ಹೋದರು. ಅವ್ವ ಜಗಲಿಯ ಮೇಲೆ ಕೂತು ನೀವು ಕರೆದಾಗಲೆಲ್ಲ ಒಂದು ಚಮಚ ಕುಡಿದು, ತುತ್ತೂರಿಯ ಕಡೆ ಮುಖ ಮಾಡಿ 'ಕುಡುದೆ ಕಣಪ್ಪ' ಎನ್ನುವರು. ಮಾತ್ರೆ ಬಿಟ್ಟರು. ನಾನು ಬೇಡಿದೆ, ಬೈದೆ, ಅತ್ತೆ. 'ಡಾಕುಟ್ರು ಒಂದ್ ಸಲ ಯೋಳವ್ರೆ. ನನ್ ಮಗ ದಿನಾ ಗಂಟ್ಲು ಹರ್ಕೊಂಡು ಯೋಳ್ತಾವ್ನೆ. ಯಾರ್ ಮಾತು ಕೇಳ್ಲಿ?' ಎಂದರು. ಊತ ಮೊಣಕಾಲಿಗೆ ಏರಿತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಗೋಡೆಗೆ ಒರಗಿಯೇ ಇರುವರು. ಡಾಕ್ಟರು ಸೀಸೆಯನ್ನು ಮೂಸಿ ನೋಡಿ, ಸಕ್ಕರೆ ಪಾಕ, ಬಣ್ಣ, ಒಂದಿಷ್ಟು ಸಾರಾಯಿ, ಎಸೆಯಿರಿ ಎಂದರು. ಎಸೆದರೆ ಇನ್ನೊಂದು ಬರುತ್ತಿತ್ತು.

ಮರುಳಸಿದ್ದಪ್ಪನವರ ಹತ್ತಿರ ಹೋದೆ. ನಂಟಸ್ತಿಕೆಯಲ್ಲಿ ಮಾವನಾಗಬೇಕು, ತಲೆ ಬಗ್ಗಿಸಿಯೇ ಕೇಳಿದೆ. ಅತ್ತೆಯ ಪ್ರಾಣಕ್ಕೆ ಬಂದಿದೆ, ನಿಲ್ಲಿಸಲಾಗದಿದ್ದರೆ ದನಿಯನ್ನಾದರೂ ತಗ್ಗಿಸಿ, ನಮ್ಮ ಮನೆಗೆ ಕೇಳಿಸದಷ್ಟು ತಗ್ಗಿಸಿ ಎಂದೆ. ತಕ್ಕಡಿಯಿಂದ ಕಣ್ಣೆತ್ತದೆ 'ಏನವ್ವ, ಗಂಡುನ್ ಮಾತು ಅಷ್ಟು ಕಹಿ ಆಯ್ತಾ ನಿಂಗೆ? ಮಗುನ್ ದನಿ ಕೇಳಿ ಆ ಮುದ್ಕಿ ಜೀವ ಇಡ್ಕೊಂಡೈತೆ. ನಿಂಗೇನ್ ಕಷ್ಟ?' ಎಂದರು. ಅಂಗಡಿಯಲ್ಲಿದ್ದವರು ನಕ್ಕರು. ನಾನು ತಿರುಗಿ ಬಂದೆ. ಅವರು ಅಷ್ಟು ಉದಾರವಾಗಿ ಸೀಸೆ ಕೊಡುತ್ತಿದ್ದುದು ಯಾಕೆಂದು ಮುಂದಿನ ಸಂತೆಯ ದಿನ ತಿಳಿಯಿತು. ನೂಲು ತರಲು ಹೋದವಳು ವಾಪಸು ಬರುವಾಗ ನಮ್ಮ ಜಗಲಿಯ ಮುಂದೆ ಜನ ಗುಂಪುಗೂಡಿದ್ದರು. ನಾನು ಅವ್ವನಿಗೆ ಏನೋ ಆಯಿತೆಂದೇ ಓಡಿದೆ. ಏನೂ ಆಗಿರಲಿಲ್ಲ. ಅವ್ವ ನಡುವೆ ಕೂತಿದ್ದರು, ಮರುಳಸಿದ್ದಪ್ಪನವರು ಕೋಲು ಹಿಡಿದು, ಜಾತ್ರೆಯಲ್ಲಿ ಕರಡಿ ತೋರಿಸುವವರಂತೆ, 'ನೋಡ್ಕಳಿ, ಈ ಕೂಗ್ತಾವ್ನಲ್ಲ, ಅವುನ್ನ ಎತ್ತ ತಾಯಿ! ಅವ್ರೇ ಕುಡೀತಾವ್ರೆ ಅಂದ್ಮೇಲೆ ಇನ್ನೇನ್ ಬೇಕು?' ಎನ್ನುತ್ತಿದ್ದರು. ಅವ್ವ ಊದಿದ ಕೈಯಲ್ಲಿ ಚಮಚ ಎತ್ತಿ ಕುಡಿದು ಎಲ್ಲರಿಗೂ ನಕ್ಕರು. ನಿಮ್ಮ ಹೆಸರು ಎತ್ತಿದ್ದಕ್ಕೆ ಬಂದ ನಗು ಅದು.

ಮನೆಯೊಳಗೆ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದೆ. ಅಂಗಡಿಯ ಪಕ್ಕದಲ್ಲಿ ಏಣಿ ಇತ್ತು. ಯಾರು ತಡೆದರು, ಯಾರು ಬಿಟ್ಟರು ನನಗೆ ನೆನಪಿಲ್ಲ. ನೀವು 'ತಾಯಂದಿರೇ, ಅಕ್ಕ' ಎನ್ನುತ್ತಿದ್ದಿರಿ, 'ತಂಗಿಯರೇ' ಎನ್ನುವಷ್ಟರಲ್ಲಿ ತಂತಿ ಕತ್ತರಿಸಿದೆ. ಅಯ್ಯೋ, ಆಗಿನ ಆ ಮೌನ! ಕಾಗೆ ಕೂಗಿದ್ದು ಕೇಳಿಸಿತು. ಕಮ್ಮಾರನ ಸುತ್ತಿಗೆ ಕೇಳಿಸಿತು. ದೂರದಲ್ಲಿ ಯಾರೋ ಹಸುವಿಗೆ ಬೈಯುತ್ತಿದ್ದದ್ದು ಕೇಳಿಸಿತು. ನಾನು ಏಣಿಯ ಮೇಲೆಯೇ ನಿಂತು ಅದನ್ನೆಲ್ಲ ಕೇಳಿದೆ. ಮರುಳಸಿದ್ದಪ್ಪನವರು ಕೆಳಗೆ ನಿಂತು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಗಂಡನ ಬಾಯಿ ಕತ್ತರಿಸಿದ ಹೆಂಗಸು ಎಂದು ನನಗೆ ಅವತ್ತಿನಿಂದ ಹೆಸರು ಬಂದಿದೆ.

ಅದನ್ನು ಬೇಕಾದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಅವ್ವ ನನ್ನ ಮುಖ ನೋಡಲಿಲ್ಲ. 'ನಿಂಗೇನ್ ಮಾಡಿತ್ತೆ ಆ ದನಿ? ಅವ್ನಂತೂ ಬರಾಕಿಲ್ಲ, ದನಿನಾರ ಇತ್ತು' ಎಂದು ಒಂದೇ ಸಲ ಹೇಳಿ ಗೋಡೆಯ ಕಡೆ ತಿರುಗಿದರು. ಮಾತ್ರೆಯೂ ಇಲ್ಲ, ಟಾನಿಕ್ಕೂ ಇಲ್ಲ, ಅನ್ನವೂ ಇಲ್ಲ. ಯಮುನ ಹೋಗಿ ತುತ್ತು ಇಟ್ಟರೂ ಬಾಯಿ ತೆರೆಯಲಿಲ್ಲ. ಹೀಗೇ ಬಿಟ್ಟರೆ ಹೋಗಿಬಿಡುತ್ತಾರೆಂದು ಗಾಬರಿಯಾಯಿತು. ಆಗ ನಾನು ಮಾಡಿದ ಕೆಲಸ ಕೇಳಿ. ಮತ್ತೆ ಎದುರು ಅಂಗಡಿಗೆ ಹೋದೆ. ನನ್ನದು ತಪ್ಪಾಯಿತು, ತಂತಿ ಜೋಡಿಸಿ, ನಮ್ಮವರ ದನಿ ಹಾಕಿ ಎಂದು ಕೈಮುಗಿದು ಕೇಳಿದೆ. ಹಾಕಿದರು. ಮೊದಲಿಗಿಂತ ಜೋರಾಗಿ ಹಾಕಿದರು. ತುತ್ತೂರಿಯ ಬಾಯನ್ನೂ ಬಸ್ಸಿನ ಕಡೆಯಿಂದ ತಿರುಗಿಸಿ ನಮ್ಮ ಬಾಗಿಲಿಗೇ ಇಟ್ಟರು. ಅವ್ವ ಗೋಡೆ ಹಿಡಿದುಕೊಂಡು ಎದ್ದು ಜಗಲಿಗೆ ಬಂದು ಚಮಚ ಕೇಳಿದರು. ಅಷ್ಟರಲ್ಲಿ ನಾನು ಸೀಸೆಯಲ್ಲಿದ್ದುದನ್ನೆಲ್ಲ ಬಚ್ಚಲಿಗೆ ಸುರಿದು, ತೊಳೆದು, ಬೆಲ್ಲದ ಪಾನಕ ತುಂಬಿಟ್ಟಿದ್ದೆ. ಬೆಳಗಿನ ಮೊದಲ ಚಮಚಕ್ಕೆ ಡಾಕ್ಟರ ಮಾತ್ರೆ ಪುಡಿ ಮಾಡಿ ಬೆರೆಸಿ ನಾನೇ ಕೈಗೆ ಕೊಡುತ್ತಿದ್ದೆ. ನೀವು 'ತಗೋ ಅವ್ವಾ' ಎನ್ನುವುದು, ಅವರು ನುಂಗುವುದು. ನಿಮ್ಮ ಕೂಗಿನಿಂದ ನನಗೆ ಆದ ಉಪಕಾರ ಅದೊಂದೇ.

ಉಸಿರು ಸಲೀಸಾಯಿತು. ಊತ ಇಳಿಯಿತು. ಶಿವರಾತ್ರಿಗೆ ಮಠದವರೆಗೆ ನಡೆದುಹೋಗಿ ಬಂದರು. ನಾನು ಒಳಗೊಳಗೇ ಹಿಗ್ಗಿದೆ, ಬೀದಿಯಲ್ಲಿ ಅದು ಏನಾಗುತ್ತಿದೆಯೆಂದು ನೋಡಲಿಲ್ಲ. ಸಾಯುತ್ತಿದ್ದ ಜಯಪ್ಪನ ತಾಯಿ ಶಿವಮ್ಮ ಧೀರಾಮೃತ ಕುಡಿದು ಎದ್ದು ಓಡಾಡುತ್ತಾಳೆಂದು ಸುತ್ತಲ ತೋಟಗಳ ಕೂಲಿಯವರ ಲೈನುಮನೆಗಳಿಗೆಲ್ಲ ಸುದ್ದಿ ಹಬ್ಬಿತ್ತು. ಜನ ಬಂದು ಅವರ ಕಾಲು ಒತ್ತಿ ನೋಡಿಕೊಂಡು ಎದುರು ಅಂಗಡಿಗೆ ಹೋಗುತ್ತಿದ್ದರು. ಕಾಳನೂ ಹಾಗೆ ಬಂದಿದ್ದನಂತೆ. ಕಾಳ ನಿಮಗೆ ಗೊತ್ತು, ಏಲಕ್ಕಿ ಮಲೆಯಲ್ಲಿ ಕೆಲಸ ಮಾಡುತ್ತಾ ನಮ್ಮ ಹಿತ್ತಿಲ ಬೇಲಿಯನ್ನೂ ಕಟ್ಟಿಕೊಡುತ್ತಿದ್ದವನು. ಅವನ ಹೆಂಡತಿ ಬೊಳ್ಳಿಗೆ ಎದೆರೋಗ, ಕೆಮ್ಮಿದರೆ ರಕ್ತ. ಮಡಿಕೇರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸುತ್ತಿದ್ದರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಳನ್ನು ಲಾರಿಯಲ್ಲಿ ಕಳಿಸಿಕೊಡುತ್ತಿದ್ದರು. ನಮ್ಮ ಅವ್ವ ಓಡಾಡುವುದನ್ನು ಕಣ್ಣಾರೆ ನೋಡಿದ ಮೇಲೆ ಅವನು ಸೂಜಿ ಬಿಡಿಸಿದ.

ಅವನು ಬಿಡಿಸಿದ್ದು ನನಗೆ ಗೊತ್ತಾದದ್ದು ಹೋದ ಸಂತೆಯ ದಿನ. ನಿಮ್ಮ ಕಂಪನಿಯ ದೊಡ್ಡ ಮನುಷ್ಯನೊಬ್ಬ, ಸಣ್ಣಸ್ವಾಮಿ ಎಂದು ಹೆಸರು, ಕ್ಯಾಮರಾ ಹಿಡಿದುಕೊಂಡು ಬಂದಿದ್ದ. ಮಗ ಕೂಗುವುದು, ತಾಯಿ ಕುಡಿಯುವುದು, ಎರಡನ್ನೂ ಸೇರಿಸಿ ಕ್ಯಾಲೆಂಡರು ಮಾಡುತ್ತಾರಂತೆ. ನಾನು ಬೇಡವೆಂದೆ. ಅವ್ವ ಕೇಳಲಿಲ್ಲ. 'ಪಟ ನೋಡಿಯಾರ ಅವ್ನ್ಗೆ ನನ್ ಮೊಕ ಗ್ಯಾಪ್ಕ ಬಂದಾತು' ಎಂದು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ನಿಮ್ಮ ಅಪ್ಪ ತಂದಿದ್ದ ಹಸಿರು ಸೀರೆ ಉಟ್ಟುಕೊಂಡು ಕೂತರು. ಪಟ ತೆಗೆಯುವಾಗ ಗದ್ದಲ ಬೇಡವೆಂದು ತುತ್ತೂರಿ ನಿಲ್ಲಿಸಿದ್ದರು. ಸಣ್ಣಸ್ವಾಮಿ 'ಸೀಸೆ ಕೆನ್ನೆ ಹತ್ರ ಹಿಡೀರಿ ತಾಯಿ, ನಗಿ' ಎನ್ನುತ್ತಿದ್ದ. ಆಗ ಜನರ ನಡುವಿನಿಂದ ಕಾಳ ಬಂದ. ತಲೆ ಬೋಳಿಸಿಕೊಂಡಿದ್ದ. ಕೈಯಲ್ಲಿ ಒಂದು ಸೀಸೆ, ಕುತ್ತಿಗೆಯವರೆಗೆ ತುಂಬಿದ್ದು. ಅದನ್ನು ಅವ್ವನ ಕಾಲ ಹತ್ತಿರ ಇಟ್ಟು 'ಇದು ಉಳ್ಕಂತು ಅವ್ವಾರೆ. ನಮ್ಮೋಳ್ಗೆ ಬ್ಯಾಡಾಯ್ತು. ಸುಮ್ನೆ ಯಾಕ್ ಹಾಳಾಗ್ಬೇಕು, ನೀವು ಕುಡೀರಿ' ಎಂದ. ಯಾರ ಮೇಲೂ ಸಿಟ್ಟಿರಲಿಲ್ಲ ಅವನಿಗೆ. ಉಳಿದ ಅನ್ನವನ್ನು ಹಸಿದವರಿಗೆ ಕೊಡುವ ಹಾಗೆ ಕೊಟ್ಟ.

ಬೊಳ್ಳಿ ಹೋದಳೆಂದು ಅವನ ತಲೆ ನೋಡಿಯೇ ತಿಳಿಯಿತು, ಸೂಜಿ ಬಿಡಿಸಿದ್ದನೆಂದು ಆ ಸೀಸೆ ನೋಡಿ. ಆಮೇಲೆ ಹೇಳಿದೆ. ಅವ್ವನ ಕೈಯಲ್ಲಿದ್ದ ಸೀಸೆ ತೆಗೆದು ಸಣ್ಣಸ್ವಾಮಿಯ ಮುಂದೆ ಹಿಡಿದು, ಕುಡಿದು ನೋಡಿ, ಇದರಲ್ಲಿರುವುದು ಬೆಲ್ಲದ ಪಾನಕ, ಇವರನ್ನು ಉಳಿಸಿದ್ದು ಡಾಕ್ಟರ ಮಾತ್ರೆ, ನಾನೇ ಪುಡಿ ಮಾಡಿ ಕುಡಿಸಿದ್ದು, ನಿಮ್ಮ ಔಷಧಿ ನಮ್ಮ ಬಚ್ಚಲಲ್ಲಿ ಹರಿದುಹೋಯಿತು ಎಂದೆ. ನನ್ನ ದನಿ ಎಷ್ಟು ಏರುತ್ತದೆ ನಿಮಗೆ ಗೊತ್ತಲ್ಲ. ಮುಂದಿನ ಸಾಲಿನವರಿಗೆ ಕೇಳಿಸಿತು. ಅವರು ಹಿಂದಿನವರಿಗೆ ಹೇಳುವುದರೊಳಗೆ ಮರುಳಸಿದ್ದಪ್ಪನವರು 'ಹೆಂಗ್ಸಿಗೆ ತಲೆ ಕೆಟ್ಟೈತೆ, ಹಾಕ್ರೋ ಪ್ಲೇಟ!' ಎಂದು ಕೂಗಿದರು. ಹಾಕಿದರು. ತಾಯಂದಿರೇ ಎಂದಿರಿ ನೀವು. ನಾನು ಬಾಯಿ ಆಡಿಸುತ್ತಲೇ ಇದ್ದೆ, ಬೊಳ್ಳಿಯ ಹೆಸರು ಹೇಳುತ್ತಿದ್ದೆ, ನನ್ನ ಮಾತು ನನಗೇ ಕೇಳಿಸಲಿಲ್ಲ. ನಿಶ್ಶಕ್ತಿಯೇ, ಸೋಲಬೇಡಿ ಎಂದಿರಿ. ಸಂತೆಯ ಜನ ಒಬ್ಬೊಬ್ಬರಾಗಿ ಚದುರಿದರು. ಅವತ್ತೂ ಸೀಸೆಗಳು ಹೋದವು. ಮದುವೆಯಾದ ಮೇಲೆ ನನ್ನ ಮೇಲೆ ನೀವು ದನಿ ಏರಿಸಿದ್ದು ಅದೇ ಮೊದಲು. ಊರ ಮುಂದೆ ಏರಿಸಿದಿರಿ.

ಆದರೆ ಅವ್ವ ಮುಂದಿನ ಸಾಲಿನಲ್ಲಿದ್ದರು, ಅವರಿಗೆ ಎಲ್ಲ ಕೇಳಿಸಿತ್ತು. ಕಾಳ ಇಟ್ಟುಹೋದ ಸೀಸೆಯನ್ನು ಎತ್ತಿ ನೋಡಿದರು. 'ಹಂಗಾರೆ ನನ್ ಮಗ ಸುಳ್ಳು ಯೋಳ್ತಾವ್ನಾ?' ಎಂದು ಕೇಳಿದರು, ನನ್ನನ್ನಲ್ಲ, ಯಮುನಳನ್ನು. ಮಗುವಿಗೆ ಏನು ಗೊತ್ತು, ಅದು ತುತ್ತೂರಿ ತೋರಿಸಿತು. ಅವ್ವ ಎದ್ದು ಒಳಗೆ ಹೋಗಿ ಹಸಿರು ಸೀರೆ ಬಿಚ್ಚಿ ಮಡಿಸಿಟ್ಟರು. ಮರುದಿನದಿಂದ ಜಗಲಿಗೆ ಬಂದಿಲ್ಲ. ನೀವು ಶುರು ಮಾಡಿದ ಕೂಡಲೇ ಬೀದಿಯ ಬಾಗಿಲು ಹಾಕುತ್ತಾರೆ. ಮಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನುಂಗುತ್ತಾರೆ, ಮಾತಿಲ್ಲ. ಉಪ್ಪು ಬೇಕಾದರೆ ಕೈ ತೋರಿಸುತ್ತಾರೆ, ಬೇಡವೆಂದು ನಾನು ತಲೆಯಾಡಿಸುತ್ತೇನೆ. ನಿಮ್ಮ ತಾಯಿಯೆಂಬುದು ಈಗ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಕಾಳನ ಲೈನಿಗೆ ಹೋಗಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋದೆ, ಅವ್ವ ಕುಡಿದದ್ದು ಪಾನಕವೆಂಬುದೊಂದನ್ನೇ ಹೇಳಿ ಬಂದೆ. ಸೀಸೆಯಲ್ಲಿ ಪಾನಕವಿದೆಯೆಂದು ನಾನು ಮೊದಲೇ ಬೀದಿಗೆ ಹೇಳಿದ್ದರೆ ಅವಳ ಸೂಜಿ ನಿಲ್ಲುತ್ತಿರಲಿಲ್ಲ. ನನ್ನ ಪಾಲು ನನಗಿರಲಿ, ಅದನ್ನು ನಾನು ಹೊತ್ತುಕೊಂಡೇ ಮಿಷನ್ನು ತುಳಿಯುತ್ತೇನೆ. ನಿಮ್ಮ ಪಾಲು ನಿಮಗೆ ಮುಟ್ಟಲೆಂದು ಈ ಕಾಗದ. ಪ್ಲೇಟಿನಲ್ಲಿರುವವರಿಗೆ ಬೀದಿಯಲ್ಲಿ ನಡೆಯುವುದು ಕಾಣುವುದಿಲ್ಲ ನೋಡಿ.

ಅವ್ವನ ಆಶೀರ್ವಾದ ಬರೆಯಲೇ ಎಂದು ಕೇಳಿದೆ. ಬರೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದ್ದರಿಂದ ಬರೆದಿಲ್ಲ. ಯಮುನ ಈ ಕಾಗದದ ಮೂಲೆಯಲ್ಲಿ ಒಂದು ಗೆರೆ ಎಳೆದಿದ್ದಾಳೆ, ಅದು ನಿಮಗೆ ಅವಳ ನಮಸ್ಕಾರವಂತೆ. ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಸುಲೋಚನ

ಮರೆತೆ, ಟಪ್ಪಾಲಿನವರು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಯುಗಾದಿ ಕಳೆದ ಮೇಲೆ ಪ್ಲೇಟು ಸಾಲದು, ಜಯಪ್ಪನವರೇ ವ್ಯಾನಿನಲ್ಲಿ ನಿಂತು ಕೊಡಗೆಲ್ಲ ಕೂಗುತ್ತಾ ಬರುತ್ತಾರೆ, ಕೊಡ್ಲಿಪೇಟೆಯಿಂದಲೇ ಶುರು ಎಂದು ಸಣ್ಣಸ್ವಾಮಿ ಅಂಗಡಿಯಲ್ಲಿ ಹೇಳಿಹೋಗಿದ್ದಾನೆ. ನೀವು ನಮಗೆ ತಿಳಿಸಿಲ್ಲ, ನಾನು ಅವ್ವನಿಗೆ ಹೇಳಿಲ್ಲ. ಆದರೆ ಕಾಳನಿಗೆ ಯಾರೋ ಹೇಳಿದ್ದಾರೆ. ಕೆಲಸ ಬಿಟ್ಟು ದಿನವೂ ಸೇತುವೆಯ ಹತ್ತಿರ ಬಂದು ಹಳದಿ ವ್ಯಾನು ಬಂತೇ ಎಂದು ನೋಡುತ್ತಾ ಕೂತಿರುತ್ತಾನೆ. ಹೆದರಬೇಡಿ, ಹೊಡೆಯಲು ಅಲ್ಲ. ಬೊಳ್ಳಿಗೆ ಆ ಉಳಿದ ಸೀಸೆಯನ್ನೂ ಕುಡಿಸಿದ್ದರೆ ಬದುಕುತ್ತಿದ್ದಳೋ ಏನೋ, ಕೂಗಿದವರನ್ನೇ ಕೇಳಬೇಕು ಎನ್ನುತ್ತಾನೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ, ನಿಮ್ಮ ಬಾಯಿಂದಲೇ ಕೇಳಬೇಕಂತೆ. ಸೇತುವೆ ಹತ್ತಿರ ವ್ಯಾನು ನಿಲ್ಲಿಸಿ, ಕೆಳಗೆ ಇಳಿದು, ಮೈಕು ಇಲ್ಲದೆ ಅವನಿಗೆ ಉತ್ತರ ಹೇಳಿ. ಹೇಳಲು ಆದರೆ ಮನೆಗೆ ಬನ್ನಿ, ನೀರು ಕಾಯಿಸಿಟ್ಟಿರುತ್ತೇನೆ. ಆಗದಿದ್ದರೆ ವ್ಯಾನು ಅಲ್ಲಿಂದಲೇ ತಿರುಗಲಿ.